ಸಮಾಧಿಗಳಿಗೆ ತುಂಡು ಗೆರೆ

ಸತ್ತವರು ಅಳತೆಯ ಮೇಲೆ ತಕರಾರು ತೆಗೆಯುವುದಿಲ್ಲ ಎಂಬ ಒಂದೇ ಆಸೆಯಿಂದ ನಾನು ಆ ಕೆಲಸ ಒಪ್ಪಿಕೊಂಡೆ. ನಾನು ಖಾಸಗಿ ಸರ್ವೇಯರ್. ಮುಗದದಲ್ಲಿ ಹೊಲದ ಗಡಿ ಗುರುತಿಸುವ ಹದ್ದುಬಸ್ತಿಗೆ ಹೋದರೆ ಅಣ್ಣತಮ್ಮಂದಿರು ನನ್ನ ಯಂತ್ರದ ಮೂರು ಕಾಲುಗಳ ನಡುವೆಯೇ ಜಗಳಕ್ಕೆ ನಿಲ್ಲುತ್ತಾರೆ. ಅಮರಗೋಳದಲ್ಲಿ ಪ್ಲಾಟು ಅಳೆದರೆ ಪಕ್ಕದ ಪ್ಲಾಟಿನವರು ತಮ್ಮದೇ ಟೇಪು ತಂದು ನನ್ನ ಹಿಂದೆ ಹಿಂದೆ ಬರುತ್ತಾರೆ. ಸ್ಮಶಾನದಲ್ಲಿ ಅಂಥ ರಗಳೆ ಇಲ್ಲ, ಎರಡು ದಿನದಲ್ಲಿ ನಕ್ಷೆ ಕೊಟ್ಟು ಕೈತೊಳೆದುಕೊಳ್ಳಬಹುದು ಎಂದುಕೊಂಡಿದ್ದೆ. ಆ ಕೆಲಸ ಮೇ ತಿಂಗಳಿನಲ್ಲಿ ಶುರುವಾಗಿ ದೀಪಾವಳಿಯ ಆಚೆಗೂ ಹೋಯಿತು.

ಧಾರವಾಡದ ಒಂದು ಹಳೆಯ ಕ್ರೈಸ್ತ ಸಭೆಯ ಸ್ಮಶಾನ ಅದು. ಯಾರನ್ನು ಎಲ್ಲಿ ಹೂಳಿದೆ ಎಂದು ಬರೆದಿಟ್ಟಿದ್ದ ರಿಜಿಸ್ಟರನ್ನು ಗೆದ್ದಲು ತಿಂದು ರಟ್ಟನ್ನಷ್ಟೇ ಉಳಿಸಿತ್ತು. ಹಾಗಾಗಿ ಪ್ರತಿ ಸಮಾಧಿಗೂ ನಂಬರು ಹಾಕಿ ನಕ್ಷೆ ಮಾಡಿಸಬೇಕೆಂದು ಕಮಿಟಿ ಠರಾವು ಮಾಡಿತ್ತು. ಜೊತೆಗೆ ಇನ್ನೊಂದು ಠರಾವು: ಹಳೆಯ ಸಾಲುಗಳಲ್ಲಿ ಎರಡು ಕುಣಿಗಳ ನಡುವೆ ನಾಲ್ಕು ಅಡಿ ಖಾಲಿ ಇದ್ದರೆ ಮಾತ್ರ ಅಲ್ಲಿ ಹೊಸಬರಿಗೆ ಜಾಗ. ಇಲ್ಲದಿದ್ದರೆ ಎಲ್ಲರೂ ಹಿಂದಿನ ಗೋಡೆಯ ಕಡೆಗೆ.

ಕಮಿಟಿಯ ಸೆಕ್ರೆಟರಿ ಗೇಟಿನೊಳಗೆ ಫರಸಿ ಕಲ್ಲು ಹಾಸಿದ ದಾರಿಯ ಅಂಚಿನಲ್ಲಿ ಸ್ಕೂಟರ್ ನಿಲ್ಲಿಸಿ, ಅದರ ಮೇಲೆಯೇ ಕುಳಿತು ನನಗೆ ಕೆಲಸ ವಿವರಿಸಿದರು. ಆ ಫರಸಿ ದಾರಿ ಅವರ ಕಾಲದ ಸಾಧನೆ.

"ನಿಮ್ಮ ನಕ್ಷಾನ ಅಂತಿಮರಿ, ಸರ್ವೇಯರ್ ಸಾಹೇಬ್ರ. ನಾಳಿ ಯಾರೂ ಬಂದು ನಮಗ ಇಲ್ಲೇ ಬೇಕು, ಅಲ್ಲೇ ಬೇಕು ಅನಬಾರದು. ಯಾರ ಕೂಡ ಜಗಳಾ ಮಾಡೂದು ಹೇಳ್ರಿ, ಎಲ್ಲಾರೂ ನಮ್ಮವರ."

ಮೊದಲ ದಿನ ಬೆಳಿಗ್ಗೆ ದಾರಿಯ ಪಕ್ಕದಲ್ಲಿ ಟೋಟಲ್ ಸ್ಟೇಷನ್ ಯಂತ್ರ ಹೂಡಿದೆ. ಅದು ದೂರದಲ್ಲಿ ಹಿಡಿದ ಕೋಲಿನ ತುದಿಯ ಕನ್ನಡಿಗೆ ಬೆಳಕು ಬಿಟ್ಟು ಅಂತರ ಅಳೆಯುವ ಯಂತ್ರ. ಕೋಲು ಹಿಡಿಯಲು ಅಲ್ಲಿಯ ಕುಣಿ ತೋಡುವ ಕಾಕಾ ಒಪ್ಪಿದ್ದರು. ಅವರು ಆ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಅಲ್ಲಿ ಎಲ್ಲರ ತಲೆ ಪಡುವಣಕ್ಕೆ, ಕಾಲು ಮೂಡಣಕ್ಕೆ. ತಲೆಯ ಕಡೆ ಒಂದು ಕಲ್ಲು. ಕಡೆಯ ದಿನ ಸತ್ತವರೆಲ್ಲ ಎದ್ದು ನಿಂತಾಗ ಮುಖ ಸೂರ್ಯನ ಕಡೆ ಇರಲೆಂದು ಹಾಗೆ, ಎಂದು ಕಾಕಾ ಹೇಳಿದರು.

ದಾರಿಯಿಂದ ಶುರುವಾಗಿ ದಕ್ಷಿಣಕ್ಕೆ ಹೋಗುವ ಸಾಲಿನಲ್ಲಿ ಒಂಬತ್ತು ಕಲ್ಲು. ಆರನೆಯ ಕಲ್ಲಿನ ಮುಂದೆ ಒಬ್ಬ ವಯಸ್ಸಾದ ಹೆಣ್ಣುಮಗಳು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಛತ್ರಿ ಹಿಡಿದು ಮಾತಾಡುತ್ತಿದ್ದರು. ಫೋನಿನಲ್ಲಿರಬೇಕು ಎಂದುಕೊಂಡೆ.

"ಬದನಿಕಾಯಿ ಎಲ್ಲಾ ಹುಳಕ ಬಂದಿದ್ವು ನೋಡ್ರಿ. ನೀವು ಇದ್ದಿದ್ರ ತಿರುಗಿ ಕೊಟ್ಟು ಬರ್ರಿ ಅಂತ ಕಳಸ್ತಿದ್ದೆ," ಎಂದು ಅವರು ಹೇಳುತ್ತಿದ್ದರು. ಕೈಯಲ್ಲಿ ಫೋನು ಇರಲಿಲ್ಲ.

ಅವರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಊರೆಲ್ಲ ಅವರನ್ನು ಅಕ್ಕೋರು ಎನ್ನುತ್ತಿತ್ತು. ಆರನೆಯ ಕಲ್ಲು ಅವರ ಯಜಮಾನರದು, ಒಂಬತ್ತು ವರ್ಷದ ಹಿಂದೆ ತೀರಿಕೊಂಡವರು. ಏಳನೆಯದು ಅವರ ಓಣಿಯಲ್ಲೇ ಇದ್ದ ರೈಲ್ವೆ ಗಾರ್ಡ್‌ನದು. ಗಾರ್ಡ್‌ನ ಕೋಳಿಗಳು ಯಜಮಾನರ ಕೊತ್ತಂಬರಿ ಮಡಿಯನ್ನು ಕೆದರಿದ ಕಾರಣಕ್ಕೆ ಆ ಇಬ್ಬರೂ ಹನ್ನೆರಡು ವರ್ಷ ಮಾತು ಬಿಟ್ಟಿದ್ದರಂತೆ. ಕೊನೆಗೆ ಒಂದು ತಿಂಗಳ ಅಂತರದಲ್ಲಿ ಹೋಗಿ, ಒಂದೇ ಸಾಲಿಗೆ ಬಂದಿದ್ದರು.

"ನಡುವ ಜಾಗಾ ನಂದು, ತಮ್ಮಾ," ಎಂದರು ಅಕ್ಕೋರು. "ನಮ್ಮನಿಯವರನ್ನ ಹೂಳೂ ದಿನಾನ ಬಿಡಿಸಿ ಇಟ್ಟೇನಿ. ಲಗೂ ಅಳದು ಬರದಬಿಡು. ಎದಿ ಕಾಲು ಭಾಗ ಅಷ್ಟ ಕೆಲಸ ಮಾಡಾಕತ್ತೈತಂತ. ಕ್ರಿಸ್‌ಮಸ್ ಕೇಕಿಗೆ ಈಗ ಆರ್ಡರ್ ಕೊಡಬ್ಯಾಡ್ರಿ ಅಂದಾರ ಡಾಕ್ಟರು."

ಹಿಂದಿನ ಗೋಡೆಯ ಕಡೆಯೂ ಜಾಗ ಛಲೋ ಇದೆ, ನೆರಳಿದೆ ಎಂದೆ.

"ನೆರಳು ತಗೊಂಡು ಏನ ಮಾಡ್ಲಿ? ಅವರ ನಿದ್ದಿ ನಿನಗ ಗೊತ್ತಿಲ್ಲ. ಮದಿವಿ ಆದ ವರ್ಷ ಬಾಜೂ ಮನಿಗೆ ಬೆಂಕಿ ಹತ್ತಿ, ಬೆಂಕಿ ಆರಸೂ ಗಾಡಿ ಬಂದು ಗಂಟಿ ಹೊಡದು ಹೋತು. ಇವರಿಗೆ ನಾಷ್ಟಾ ತಿನ್ನೂ ಹೊತ್ತಿಗೆ ಗೊತ್ತಾತು. ಕಡೀ ದಿನ ತುತ್ತೂರಿ ಊದಿದಾಗ ಎಲ್ಲಾರೂ ಏಳತಾರ, ಇವರೊಬ್ಬರು ಮಗ್ಗಲಾ ಬದಲಿಸಿ ಮಲಗತಾರ. ಎಬ್ಬಸಾಕ ನಾ ಬಾಜೂಕ ಇರಬೇಕು. ಆ ಗ್ವಾಡಿ ಕಡಿಂದ ಓಡಿ ಬರಾಕ ನನ್ನ ಮೊಣಕಾಲ ಕೇಳಬೇಕಲ್ಲ."

"ಅವತ್ತ ಹೊಸಾ ಮೊಣಕಾಲು ಕೊಡತಾರಂತಲ್ರಿ ಅಕ್ಕೋರ," ಎಂದರು ಕಾಕಾ, ಕೋಲು ಹಿಡಿದೇ.

"ಕೊಡತಾರ. ಏಳೂಕಿಂತ ಮೊದಲ ಕೊಡತಾರೋ, ಎದ್ದ ಮ್ಯಾಲೆ ಕೊಡತಾರೋ, ಅದನ್ನ ಎಲ್ಲೂ ಬರದಿಲ್ಲ. ಭರೋಸಾ ಇಟಗೊಂಡು ಕುಂದರಾಕ ಆಗೂದಿಲ್ಲ."

ನಾನು ಅಳೆದೆ. ಕಲ್ಲಿನ ಮಧ್ಯದಿಂದ ಮಧ್ಯಕ್ಕೆ ದೂರ ತೆಗೆದು, ಎರಡೂ ಕಡೆ ಕುಣಿಯ ಅರ್ಧರ್ಧ ಅಗಲ ಕಳೆದರೆ ನಡುವೆ ಉಳಿದದ್ದು ಎಂಬತ್ಮೂರು ಸೆಂಟಿಮೀಟರ್. ಎರಡು ಮುಕ್ಕಾಲು ಅಡಿಯೂ ಇಲ್ಲ. ನಾಲ್ಕು ಅಡಿಗೆ ಅದು ಯಾವ ಲೆಕ್ಕಕ್ಕೂ ಸಾಲದು.

ಅಕ್ಕೋರು ಗಾಬರಿಯಾಗಲಿಲ್ಲ. ಚೀಲದಿಂದ ಹಳೆಯ ಹಾಡಿನ ಪುಸ್ತಕ ತೆಗೆದು ಕೊನೆಯ ಹಾಳೆ ತೋರಿಸಿದರು. ಪೆನ್ಸಿಲಿನಲ್ಲಿ ಮೂರು ಅಂಕಿ, ಕೆಳಗೆ ಗೆರೆ, ಗೆರೆಯ ಕೆಳಗೆ ಸರಾಸರಿ: ಒಂದು ಮೀಟರ್ ಇಪ್ಪತ್ತೈದು ಸೆಂಟಿಮೀಟರ್. ಗಂಡನನ್ನು ಹೂಳಿದ ದಿನ, ಮಂದಿ ಇನ್ನೂ ಹಾಡುತ್ತಿರುವಾಗಲೇ, ಶಾಲೆಯ ಮೀಟರ್ ಪಟ್ಟಿಯಿಂದ ಗಾರ್ಡ್‌ನ ಮಣ್ಣಿನ ಅಂಚಿನಿಂದ ಈ ಕುಣಿಯ ಅಂಚಿನ ತನಕ ಮೂರು ಸಲ ಅಳೆದಿದ್ದರಂತೆ.

"ನಿನ್ನ ಮಷೀನ್ ತಪ್ಪೈತಿ."

"ಇದರ ತಪ್ಪು ಎರಡು ಮಿಲಿಮೀಟರಿನೊಳಗ ಇರತೈತ್ರಿ ಅಕ್ಕೋರ."

"ಹಂಗಾರ ಇವತ್ತ ನಲವತ್ತೆರಡು ಸೆಂಟಿಮೀಟರ್ ತಪ್ಪೈತಿ. ಮತ್ತೊಮ್ಮೆ ಮಾಡು."

ಮತ್ತೊಮ್ಮೆ ಮಾಡಿದೆ. ಯಂತ್ರವನ್ನು ಇನ್ನೊಂದು ಕಡೆ ಹೂಡಿ ಮಾಡಿದೆ. ಉಕ್ಕಿನ ಟೇಪು ಎಳೆದು ಕಾಕಾನ ಎದುರೇ ಓದಿದೆ. ಎಂಬತ್ಮೂರು ಎಂಬತ್ಮೂರೇ. ಹೈಸ್ಕೂಲಿನಲ್ಲಿ ಗಣಿತಕ್ಕೆ ಹೆದರಿ ಬೆಂಚಿನ ಕೆಳಗೆ ಕೂರುತ್ತಿದ್ದ ಹುಡುಗ ನನ್ನೊಳಗೆ ಇನ್ನೂ ಇದ್ದಾನೆಂದು ಆ ದಿನ ಗೊತ್ತಾಯಿತು. ಯಂತ್ರದ ಪರದೆಯ ಮೇಲೆ ಅಂಕಿ ಎದ್ದು ಕಾಣುತ್ತಿದ್ದರೂ ನನಗೆ ಬೆವರು.

ಒಂದು ವಾರದಲ್ಲಿ ಕರಡು ನಕ್ಷೆ ಮಾಡಿ, ಮರ್ಯಾದೆಗೆಂದು ಅಕ್ಕೋರ ಮನೆಗೂ ಒಂದು ಪ್ರತಿ ಒಯ್ದೆ. ಅವರು ಕೆಂಪು ಪೆನ್ನು ಹಿಡಿದು ಕುಳಿತರು. ಉತ್ತರ ದಿಕ್ಕಿನ ಬಾಣ ಚಿಕ್ಕದಾಯಿತು ಎಂದು ಒಂದು ಗೆರೆ, ಮೂರು ಹೆಸರು ಮಸುಕಾಗಿವೆ ಎಂದು ಮೂರು ಗೆರೆ. ನಕ್ಷೆಯ ಮೂಲೆಯಲ್ಲಿ ಗುರುತುಗಳ ಪಟ್ಟಿ ಇರುತ್ತದೆ: ಕಾಯಂ ಕಟ್ಟಡಕ್ಕೆ ಪೂರ್ತಿ ಗೆರೆ, ಶೆಡ್ಡು ಗುಡಿಸಲಿನಂಥ ತಾತ್ಕಾಲಿಕದ್ದಕ್ಕೆ ತುಂಡು ತುಂಡು ಗೆರೆ. ಅಲ್ಲಿ ಪೆನ್ನು ನಿಂತಿತು.

"ಸಮಾಧಿ ಎಲ್ಲಾ ಪೂರ್ತಿ ಗೆರಿ ಹಾಕಿಯಲ್ಲ. ಇವೇನ್ ಕಾಯಂ ಅಂತ ನಿನಗ ಯಾರ ಹೇಳಿದರು?"

"ಕಲ್ಲು ಸಿಮೆಂಟ್ ಐತ್ರಿ. ಕಾಯಂ ಅಂತನ ತೋರಸಬೇಕು."

"ಕಲ್ಲಿಂದಲ್ಲ, ಒಳಗಿನವರದು ಕೇಳಾಕತ್ತೇನಿ. ಅವರು ಇಲ್ಲೆ ಉಳಿಯಾವರಲ್ಲ. ತುಂಡು ಗೆರಿ ಹಾಕು."

ಸೆಕ್ರೆಟರಿಗೆ ಫೋನು ಮಾಡಿ ಕೇಳಿದೆ. ತುಂಡು ಗೆರೆ ಹಾಕಿದರೆ ನಾಳೆ ಯಾರಾದರೂ ಇದು ತಾತ್ಕಾಲಿಕ ಸ್ಮಶಾನವೆಂದು ಜಾಗಕ್ಕೇ ಕೈ ಹಾಕಿಯಾರು, ಬೇಡವೇ ಬೇಡ ಎಂದರು. ಅಕ್ಕೋರು ಹಾಳೆಯ ಮೇಲೆ ನೂರಕ್ಕೆ ಐವತ್ತೆಂಟು ಎಂದು ಬರೆದು, ಸುತ್ತಿ, ಸಹಿ ಮಾಡಿ ವಾಪಸು ಕೊಟ್ಟರು.

ಅಂತಿಮ ಪ್ರತಿಗೆ ನನ್ನ ಸಹಿ ಮತ್ತು ಮೊಹರಿನ ಶಿಕ್ಕೆಯಷ್ಟೇ ಬಾಕಿ. ದುರ್ಗದಬೈಲಿನ ಹತ್ತಿರದ ನನ್ನ ಆಫೀಸಿನಲ್ಲಿ ಶಿಕ್ಕೆ ಕೈಯಲ್ಲಿ ಹಿಡಿದು ಕುಳಿತೆ. ಒತ್ತಿದರೆ ಕೆಲಸ ಮುಗಿಯುತ್ತದೆ, ಅಕ್ಕೋರು ಗೋಡೆಯ ಕಡೆಗೆ ಹೋಗುತ್ತಾರೆ. ನನ್ನ ಯಂತ್ರದ ಮೇಲೆ ನನಗೆ ಅನುಮಾನವಿರಲಿಲ್ಲ. ಆದರೆ ಗಂಡನ ಕುಣಿಯ ಅಂಚಿನಲ್ಲಿ ಬಗ್ಗಿ ಮೂರು ಸಲ ಅಳೆದು ಸರಾಸರಿ ತೆಗೆದವರ ಮೇಲೂ ಅನುಮಾನ ಪಡಲು ಮನಸ್ಸು ಒಪ್ಪಲಿಲ್ಲ. ಎರಡೂ ಸರಿ ಎಂದಾದರೆ ನಡುವೆ ಏನೋ ಸರಿದಿರಬೇಕು. ಅಷ್ಟು ಅನ್ನಿಸಿದ್ದೇ ತಡ, ನನ್ನ ತಲೆಗೆ ನಾನೇ ಒಂದು ಕೊಟ್ಟುಕೊಂಡೆ. ಮುಗದದಲ್ಲಿ ಅರ್ಧ ಆಯುಷ್ಯ ಕಳೆದದ್ದು ಬಿತ್ತಿಗೆಗೆ ಮುಂಚೆ ಪಕ್ಕದ ಹೊಲಕ್ಕೆ ಸರಿದುಬಿಡುವ ಬಾಂದಕಲ್ಲುಗಳ ಬೆನ್ನು ಹತ್ತಿ. ಸ್ಮಶಾನದಲ್ಲಿಯೂ ಕಲ್ಲು ಸರಿಯಬಹುದೆಂದು ಹೊಳೆದೇ ಇರಲಿಲ್ಲ.

ಶಿಕ್ಕೆಯನ್ನು ಡಬ್ಬಿಯೊಳಗೆ ಹಾಕಿ ಅಕ್ಕೋರ ಮನೆಗೆ ಹೋಗಿ, ಯಜಮಾನರ ಮಣ್ಣಿನ ದಿನದ ಫೋಟೋ ಇದೆಯೇ ಎಂದು ಕೇಳಿದೆ. ಇತ್ತು. ಕುಣಿ, ಕುಣಿಯ ಹಿಂದೆ ಬೇವಿನ ಮರದ ಬುಡ, ಅದರ ನೇರ ಹಿಂದೆ ಕಾಂಪೌಂಡಿನ ಒಂದು ಕಂಬ. ಮೂರೂ ಒಂದೇ ಗೆರೆಯಲ್ಲಿ. ಮರವೂ ಕಂಬವೂ ಇನ್ನೂ ಅಲ್ಲೇ ಇದ್ದವು. ಮರುದಿನ ಆ ಎರಡನ್ನೂ ಯಂತ್ರದ ಕಣ್ಣಿನಲ್ಲಿ ಒಂದೇ ನೇರಕ್ಕೆ ಹಿಡಿದು ಮುಂದಕ್ಕೆ ಗೆರೆ ಎಳೆದರೆ ಅದು ಆರನೆಯ ಕಲ್ಲಿಗೆ ಬರಲಿಲ್ಲ. ಐದನೆಯ ಕಲ್ಲಿನ ಹತ್ತಿರ ಬಿತ್ತು.

ಫೋಟೋ ಸಾಕ್ಷಿ ಸಾಲದು. ಮಣ್ಣೇ ಹೇಳಬೇಕು. ಆ ನೆಲದಲ್ಲಿ ಒಂದೂವರೆ ಅಡಿ ಕೆಳಗೆ ಗಟ್ಟಿ ಗರಸು. ಒಮ್ಮೆ ತೋಡಿ ಮುಚ್ಚಿದ ಕಡೆ ಮಾತ್ರ ಮಣ್ಣು ಎಷ್ಟು ವರ್ಷವಾದರೂ ಮೆತ್ತಗೆ ಇರುತ್ತದೆ. ಸಣ್ಣ ಕಬ್ಬಿಣದ ಸಲಾಕೆ ಇಳಿಸಿ ನೋಡಿದರೆ ಕುಣಿ ಎಲ್ಲಿಂದ ಎಲ್ಲಿಗೆ ಎಂದು ತಿಳಿಯುತ್ತದೆ. ಅಲ್ಲಿಯ ಪಾದ್ರಿ, ಸಭಾಪಾಲಕರ ಅನುಮತಿ ಕೇಳಿದೆ.

"ಯಾರಿಗೂ ಚುಚ್ಚೂದಿಲ್ಲಲ್ರಿ?" ಎಂದರು ಅವರು.

"ಇಲ್ರಿ. ಸಲಾಕಿ ಮೂರು ಅಡಿ, ಅವರು ಆರು ಅಡಿ ಕೆಳಗ."

ಕಾಲಿನ ಕಡೆ, ಸಾಲಿನ ಉದ್ದಕ್ಕೂ ಹಗ್ಗ ಕಟ್ಟಿ, ಅರ್ಧ ಅಡಿಗೊಂದರಂತೆ ಸಲಾಕೆ ಇಳಿಸುತ್ತ ಹೋದೆವು. ಕಾಕಾ ಸುತ್ತಿಗೆ ಹೊಡೆಯುವುದು, ನಾನು ಬರೆಯುವುದು. ಗಟ್ಟಿ, ಗಟ್ಟಿ, ಮೆತ್ತಗೆ, ಮೆತ್ತಗೆ. ಮಧ್ಯಾಹ್ನದ ಹೊತ್ತಿಗೆ ವಿಷಯ ಸ್ಪಷ್ಟವಾಯಿತು. ಒಂಬತ್ತೂ ಕಲ್ಲುಗಳು ಒಂದೊಂದು ಮನೆ ದಕ್ಷಿಣಕ್ಕೆ ಸರಿದಿದ್ದವು. ವಿಚಾರಿಸಿದರೆ, ಆರು ವರ್ಷದ ಹಿಂದೆ ಶವದ ಗಾಡಿ ಒಳಗೆ ಬರಲೆಂದು ದಾರಿ ಅಗಲ ಮಾಡಿದಾಗ ಕಲ್ಲುಕೆಲಸದ ಗೌಂಡಿ ಅಡ್ಡ ಬಂದ ಮೊದಲ ಕಲ್ಲನ್ನು ಕಿತ್ತು ಎರಡನೆಯದರ ಜಾಗಕ್ಕೆ ಹಾಕಿದ್ದ, ಎರಡನೆಯದನ್ನು ಮೂರನೆಯದರ ಜಾಗಕ್ಕೆ. ಹಾಗೆಯೇ ಕೊನೆಯ ತನಕ, ನೋಡಲು ಚಂದವಿರಲಿ ಎಂದು ಎಲ್ಲವನ್ನೂ ಸಮ ಅಂತರದಲ್ಲಿ ನೆಟ್ಟಿದ್ದ. ಅನುಕ್ರಮ ಬದಲಾಗದ ಕಾರಣ ಯಾರಿಗೂ ಗೊತ್ತಾಗಲಿಲ್ಲ. ಅಕ್ಕೋರು ಆಗ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಬಳ್ಳಾರಿಯ ತಂಗಿಯ ಮನೆಯಲ್ಲಿದ್ದರು. ಆರು ವರ್ಷದಿಂದ ಒಂಬತ್ತು ಮನೆತನದವರು ಪಕ್ಕದವರಿಗೆ ಹೂವು ಇಡುತ್ತ ಬಂದಿದ್ದರು. ಒಂಬತ್ತನೆಯವರಂತೂ ಖಾಲಿ ನೆಲಕ್ಕೆ.

"ಹಂಗಾರ ಮೊದಲನೇದವರು ಎಲ್ಲಿದಾರ್ರಿ?" ಎಂದು, ಸಭಾಪಾಲಕರೊಡನೆ ನೋಡಲು ಬಂದಿದ್ದ ಸೆಕ್ರೆಟರಿ ಕೇಳಿದರು.

ನಾನು ಫರಸಿಯ ಕಡೆ ನೋಡಿದೆ. ಸಭಾಪಾಲಕರೂ ನೋಡಿದರು. ಮೊದಲನೆಯ ಕಲ್ಲು ಸೆಕ್ರೆಟರಿಯವರ ಅಜ್ಜನದು. ಅಜ್ಜನ ನೇರ ಮೇಲೆ ಸ್ಕೂಟರ್ ನಿಂತಿತ್ತು. ಸೆಕ್ರೆಟರಿ ಹೋಗಿ, ಸ್ಟ್ಯಾಂಡು ತೆಗೆದು, ಗಾಡಿಯನ್ನು ಚಾಲೂ ಮಾಡದೆ ಗೇಟಿನ ಹೊರಗೆ ತಳ್ಳಿಕೊಂಡು ಹೋದರು. ಆಮೇಲೆ ಅವರು ಠರಾವಿನ ಮಾತು ಎತ್ತಲಿಲ್ಲ.

ಆದರೆ ನನ್ನನ್ನು ಕಾಡಿದ್ದು ಬೇರೆ ವಿಷಯ. ಆರನೆಯ ಕಲ್ಲಿನ ಕೆಳಗೆ ಇದ್ದವನು ಗಾರ್ಡ್. ಆರು ವರ್ಷ, ವಾರಕ್ಕೆ ಎರಡು ಸಲ, ಅಕ್ಕೋರು ತಮ್ಮ ಮನೆಯ ಸುದ್ದಿ ಎಲ್ಲ ಹೇಳಿದ್ದು ಅವನಿಗೆ. ಹೇಳದೆಯೂ ಕೆಲಸ ಮುಗಿಸಬಹುದಿತ್ತು. ಕಲ್ಲು ಸರಿಪಡಿಸುತ್ತೇವೆ, ಜಾಗ ಸಿಕ್ಕಿತು ಎಂದರೆ ಸಾಕು. ದುರ್ಬಲ ಹೃದಯದ ಹೆಂಗಸಿಗೆ ಇದನ್ನು ಹೇಳಬೇಡಿ ಎಂದು ಸಭಾಪಾಲಕರೂ ಅಂದರು. ನಾನು ಒಂದು ದಿನ ಯೋಚಿಸಿದೆ. ಸರಾಸರಿ ತೆಗೆಯುವವರ ಹತ್ತಿರ ಅರ್ಧ ಉತ್ತರ ಕೊಟ್ಟು ಪಾರಾಗಲು ಬರುವುದಿಲ್ಲ. ಹೇಗೆ ಬಂತು ಎಂದು ಕೇಳಿಯೇ ಕೇಳುತ್ತಾರೆ.

ಹೇಳಿದೆ. ಅಕ್ಕೋರು ಛತ್ರಿ ಮುಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ನಗಲು ಶುರುಮಾಡಿ, ಎದೆ ಹಿಡಿದುಕೊಂಡು, ನಾಲಗೆಯ ಕೆಳಗೆ ಗುಳಿಗೆ ಇಟ್ಟುಕೊಳ್ಳುವ ತನಕ ನಕ್ಕರು.

"ಗಾರ್ಡನ ಕೋಳಿ ಬಗ್ಗೆ ಗಾರ್ಡನ ಮುಂದನ ಆರು ವರ್ಷ ಬೈದೇನಿ ನೋಡು. ಅವಾ ಒಂದ ಮಾತು ತಿರುಗಿ ಆಡಿಲ್ಲ. ಬದುಕಿದ್ದಾಗ ಇಷ್ಟ ಸುಮ್ನ ಇದ್ದಿದ್ರ ಜಗಳಾನ ಆಗತಿರಲಿಲ್ಲ."

ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡರು. ಅದು ನಗುವಿನ ನೀರಲ್ಲ ಎಂದು ನನಗೆ ಗೊತ್ತಾಯಿತು.

"ಇವರು ಬಾಜೂಕ ಮಲಗಿ ಕೇಳಾಕತ್ತಿರಬೇಕು. ನನ್ನ ಬಿಟ್ಟು ಆ ಮನಷ್ಯಾನ ಕೂಡ ಮಾತಾಡಾಕತ್ತಾಳ ಅಂತ." ಆಮೇಲೆ ಅವರೇ ಸಮಾಧಾನ ಮಾಡಿಕೊಂಡರು. "ಇಲ್ಲ. ನಿದ್ದಿ ಹತ್ತಿರತೈತಿ."

ಕುರ್ಚಿಯನ್ನು ನಿಜವಾದ ಜಾಗದ ಮುಂದೆ ಹಾಕಿಕೊಟ್ಟೆ. ಅಲ್ಲಿ ಕುಳಿತ ಅಕ್ಕೋರು ಛತ್ರಿ ಬಿಡಿಸಿ ಆ ನೆಲಕ್ಕೆ ನೆರಳು ಹಿಡಿದರು.

ಜೂನ್‌ನಲ್ಲಿ ಕಲ್ಲುಗಳನ್ನು ಕಿತ್ತು ಮರಳಿ ನೆಡುವಾಗ ಅಕ್ಕೋರು ದಿನಾ ಬಂದು ಮೇಲ್ವಿಚಾರಣೆ ಮಾಡಿದರು. ಅಜ್ಜನ ಮೇಲಿನ ಫರಸಿಯನ್ನು ಸೆಕ್ರೆಟರಿ ತಾವೇ ನಿಂತು ತೆಗೆಸಿದರು. ಒಂದು ದಿನ ಚಹಾ ಕುಡಿಯುವಾಗ ನಿಮ್ಮಲ್ಲಿ ಹೇಗೆ ಎಂದು ಅಕ್ಕೋರು ಕೇಳಿದರು. ನಮ್ಮದು ಶಿವಭಕ್ತರ ಮನೆತನ, ನಮ್ಮಲ್ಲಿ ಕುಳ್ಳಿರಿಸಿ ಹೂಳುತ್ತಾರೆ ಎಂದೆ.

"ಛಲೋ ಆತು. ಕುಂತವರಿಗೆ ಏಳೂದು ಸಲೀಸು."

"ನಮ್ಮಲ್ಲಿ ಏಳೂದು ಇಲ್ರಿ ಅಕ್ಕೋರ. ಶಿವನೊಳಗ ಕೂಡಿದ ಮ್ಯಾಲೆ ಮುಗೀತು."

"ಮುಗಿಯಾಕ ಅಷ್ಟು ಛಂದ ಕುಂದರ್ಸತೀರಿ?" ಎಂದರು. ನನ್ನ ಅಪ್ಪನನ್ನು ಎರಡು ವರ್ಷದ ಹಿಂದೆ ಮುಗದದ ನಮ್ಮ ಹೊಲದಲ್ಲಿ ಕೂರಿಸಿ ಬಂದ ಮೇಲೆ ನಾನು ಆ ಕಡೆ ಮುಖ ಹಾಕಿರಲಿಲ್ಲ. ಆ ಹೊಲವೊಂದನ್ನು ಬಿಟ್ಟು ಸುತ್ತಿನ ಹೊಲ ಎಲ್ಲ ಅಳೆದಿದ್ದೆ.

ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಖರೇನ ಏಳತೀವಿ ಅಂತ ನಂಬೀರೇನ್ರಿ?"

"ಲೆಕ್ಕಾ ಬಿಡಿಸಿ ತೋರಿಸು ಅಂದ್ರ ನನ್ನ ಕಡೆ ಆಗೂದಿಲ್ಲ, ತಮ್ಮಾ. ಎದಿ ಹಿಡದಾಗ ಅಂಜಿಕಿ ಆಗತೈತಿ, ಸುಳ್ಳ ಯಾಕ ಹೇಳಲಿ. ಆದ್ರ ಆ ಅಂಜಿಕಿ ಬಂದಾಗೂ ನಂಬಿಗಿ ಮನಿ ಬಿಟ್ಟು ಹೋಗಿಲ್ಲ. ಎರಡೂ ಒಂದ ಮನ್ಯಾಗ ಅದಾವು. ನಾನು ನಮ್ಮನಿಯವರು ಇರಲಿಲ್ಲೇನು ನಲವತ್ತು ವರ್ಷ, ಹಂಗ."

ಕಲ್ಲುಗಳು ಸರಿಯಾದ ಮೇಲೆ ನಡುವಿನ ಜಾಗ ನಾಲ್ಕು ಅಡಿ ಒಂದು ಇಂಚು ಬಂತು. ಕಮಿಟಿ ಒಪ್ಪಿತು. ಉಳಿದ ಸಾಲುಗಳನ್ನೂ ಹೀಗೆಯೇ ಸಲಾಕೆ ಇಳಿಸಿ ನೋಡಬೇಕಾಗಿ ಬಂದು ಅಂತಿಮ ನಕ್ಷೆ ಮುಂದಕ್ಕೆ ಹೋಯಿತು. ಅಕ್ಕೋರು ಏಳನೆಯ ಕಲ್ಲಿನ ಕಡೆ ತಿರುಗಿ, "ತಪ್ಪ ತಿಳ್ಕೋಬ್ಯಾಡ್ರಿ ಗಾರ್ಡ್ ಸಾಹೇಬ್ರ. ಆ ದಿನ ನನಗ ಎಚ್ಚರ ಆಗಲಿಲ್ಲಂದ್ರ ನೀವು ಸೀಟಿ ಊದ್ರಿ," ಎಂದು ಸಂಧಾನ ಮಾಡಿಕೊಂಡರು.

ದೀಪಾವಳಿ ಮುಗಿದ ವಾರ ಸೆಕ್ರೆಟರಿಯ ಫೋನು ಬಂತು. ಅಕ್ಕೋರು ಮುಂಜಾನೆ ಚಹಾಕ್ಕೆ ನೀರಿಟ್ಟು ಕುರ್ಚಿಯಲ್ಲಿ ಕುಳಿತವರು ಹಾಗೆಯೇ ಹೋಗಿದ್ದರು. "ಕುಣಿ ಗುರುತ ಮಾಡಾಕ ನೀವ ಬರಬೇಕಂತ ಬರದಿಟ್ಟಾರ್ರಿ," ಎಂದರು ಸೆಕ್ರೆಟರಿ.

ಹೋಗಿ ಯಂತ್ರ ಹೂಡಿದೆ. ನಾಲ್ಕು ಮೂಲೆಗೆ ನಾಲ್ಕು ಗೂಟ ಹೊಡೆದೆ. ಕಾಕಾ ತೋಡಿದ ಮೇಲೆ ಕೆಳಗಿಳಿದು ಸಲಾಕೆ ಚುಚ್ಚಿ ನೋಡಿದರೆ ಎರಡೂ ಪಕ್ಕದಲ್ಲಿ ಅರ್ಧರ್ಧ ಅಡಿ ಕದಡದ ಗರಸು, ಅದರ ಆಚೆ ಎರಡೂ ಕಡೆ ಮೆತ್ತನೆಯ ಹಳೆಯ ಮಣ್ಣು. ಆ ಹಳೆಯ ಮಣ್ಣಿನ ಅಂಚಿನಿಂದ ಅಂಚಿಗೆ ಟೇಪು ಹಿಡಿದೆ. ಮೂರು ಸಲ ಅಳೆದು ಸರಾಸರಿ ತೆಗೆದೆ. ಒಂದು ಮೀಟರ್ ಇಪ್ಪತ್ತೈದು. ಕುಣಿಯೊಳಗೇ ನಿಂತು ಒಂದಿಷ್ಟು ಅತ್ತೆ. ಕಾಕಾ ಬೇರೆ ಕಡೆ ನೋಡಿದರು.

ಮಣ್ಣು ಕೊಡಲು ಇಡೀ ಸಭೆ ಬಂದಿತ್ತು. ಸೆಕ್ರೆಟರಿ ಗೇಟಿನಿಂದ ನಡೆದೇ ಬಂದರು. ಎಲ್ಲರೂ ಎತ್ತಿದ ದನಿಯಲ್ಲಿ ಹಾಡಿದರು. ಆ ಗದ್ದಲದಲ್ಲಿಯೂ ಪಕ್ಕದವರಿಗೆ ಎಚ್ಚರವಾಗಿರಲಿಕ್ಕಿಲ್ಲ ಎಂದುಕೊಂಡು ನಾನೂ ಒಂದು ಹಿಡಿ ಮಣ್ಣು ಹಾಕಿದೆ.

ಮರುದಿನ ಆಫೀಸಿನಲ್ಲಿ ಕಂಪ್ಯೂಟರ್ ತೆರೆದು, ಆರು ಮತ್ತು ಏಳರ ನಡುವೆ ಅಕ್ಕೋರ ಸಮಾಧಿ ಎಳೆದೆ. ಪೂರ್ತಿ ಗೆರೆ ಬಿತ್ತು. ಅದನ್ನು ನೋಡುತ್ತ ಕುಳಿತೆ. ಆಮೇಲೆ ಆ ಸ್ಮಶಾನದ ಸಮಾಧಿಗಳನ್ನೆಲ್ಲ ಒಟ್ಟಿಗೆ ಹಿಡಿದು ತುಂಡು ಗೆರೆಗೆ ಬದಲಿಸಿದೆ. ಜಾಗಕ್ಕೆ ಯಾರೂ ಕೈ ಹಾಕದಂತೆ ಕಾಂಪೌಂಡಿಗೆ ದಪ್ಪನೆಯ ಪೂರ್ತಿ ಗೆರೆ ಕೊಟ್ಟೆ. ಸಹಿ ಮಾಡಿ ಶಿಕ್ಕೆ ಒತ್ತಿದೆ.

ನಕ್ಷೆಯನ್ನು ಸೆಕ್ರೆಟರಿ ಬಹಳ ಹೊತ್ತು ನೋಡಿದರು. ನಾನು ಬೈಸಿಕೊಳ್ಳಲು ತಯಾರಾಗಿ ನಿಂತಿದ್ದೆ.

"ನಮ್ಮಜ್ಜಂದು ಸ್ವಲ್ಪ ಎದ್ದು ಕಾಣೂ ಹಂಗ ಮಾಡ್ರಿ," ಎಂದರು ಅವರು. ಅಷ್ಟೇ ಅಂದು, ಸಹಿ ಮಾಡಿದರು.

ಐವತ್ತೆಂಟು ಅಂಕದ ಆ ಕರಡು ಪ್ರತಿ ನನ್ನ ಆಫೀಸಿನ ಗೋಡೆಯ ಮೇಲಿದೆ. ಬಂದವರು ಅದೇನೆಂದು ಕೇಳುತ್ತಾರೆ. ಮುಂದಿನ ವಾರ ಮುಗದಕ್ಕೆ ಹೋಗುವುದಿದೆ, ಈ ಸಲ ಅಪ್ಪನ ಹೊಲಕ್ಕೆ. ಅಂತಿಮ ನಕ್ಷೆಗೆ ಅಕ್ಕೋರು ಎಷ್ಟು ಅಂಕ ಕೊಡುತ್ತಾರೋ ಗೊತ್ತಿಲ್ಲ. ಸಿಕ್ಕಾಗ ಕೇಳಬೇಕು.